ಐದು ಪೆಟ್ಟಿಗೆ ಮರಳು

ಮೈಸೂರು, ಬೋಗಾದಿ ರಸ್ತೆ ಕೆಲಸದ ಸ್ಟೋರು
೪ ಜೂನ್ ೧೯೬೧, ಭಾನುವಾರ

ಮಹದೇವುಗೆ ಸದಾಶಿವಯ್ಯನ ಆಶೀರ್ವಾದ.

ನಿನ್ನ ತಾಯಿ ದೇವಿರಮ್ಮನವರು ನಿನ್ನೆ ನಡೆದ ಲೆಕ್ಕದ ಪರೀಕ್ಷೆಯಲ್ಲಿ ಫೇಲಾಗಿದ್ದಾರೆ. ಸಂಜೆ ನಾಲ್ಕೂವರೆಗೆ ಎಲ್ಲರೆದುರು ಇದನ್ನು ಓದಿ ಹೇಳಿದವರು ವಯಸ್ಕರ ಶಿಕ್ಷಣದ ಕಡೆಯಿಂದ ಬಂದಿದ್ದ ಪ್ರೇಮಲೀಲಾ ಎಂಬ ಹುಡುಗಿ. ದಿನಾ ಮಧ್ಯಾಹ್ನ ಆಳುಗಳಿಗೆ ಪೇಪರು ಓದಿ ಹೇಳಿ ನನಗೂ ಅದೇ ಅಭ್ಯಾಸವಾಗಿದೆ: ಮೊದಲು ಸುದ್ದಿ, ಆಮೇಲೆ ಹೇಳಿದವರು, ಮಿಕ್ಕದ್ದು ಕೆಳಗೆ. ಗಾಬರಿಯಾಗಬೇಡ, ಅವರು ಆರೋಗ್ಯವಾಗಿದ್ದಾರೆ. ಈ ಕಾಗದದ ವಿಷಯ ಅವರಿಗೆ ಗೊತ್ತಿಲ್ಲ. ಭದ್ರಾವತಿಗೆ ಹೋದಮೇಲೆ ನೀನು ಕುಂಬಾರಕೊಪ್ಪಲಿನ ವಿಳಾಸಕ್ಕೆ ಬರೆದ ಎರಡು ಕಾಗದಗಳನ್ನೂ ಅವರಿಗೆ ಓದಿ ಹೇಳಿದವನು ನಾನೇ. ಉತ್ತರ ಬರೆಯಿರಿ ಎಂದು ಅವರು ಹೇಳಲಿಲ್ಲ, ಬರೆಯಲೇ ಎಂದು ನಾನು ಕೇಳಲಿಲ್ಲ.

ಸಂಗತಿ ಇದು. ಇಲ್ಲಿ ಏಳುತ್ತಿರುವುದು ಓದುವ ಹುಡುಗಿಯರ ಹಾಸ್ಟೆಲು. ಕಾಂಕ್ರೀಟು ಕಲಸುವ ತಗಡಿನ ಮೇಸ್ತ್ರಿ ಜವರಪ್ಪ ಜುಲೈ ಹದಿನೈದಕ್ಕೆ ಮಂಡ್ಯದ ಕೆಲಸಕ್ಕೆ ಹೋಗುತ್ತಾನೆ. ಅವನ ಜಾಗಕ್ಕೆ ಒಬ್ಬರು ಬೇಕು. ಓದು ಲೆಕ್ಕ ಬಾರದವರನ್ನು ಇನ್ನು ತಗಡಿನ ಹತ್ತಿರ ನಿಲ್ಲಿಸಕೂಡದು, ಅಳತೆ ತಪ್ಪಿದರೆ ಛಾವಣಿ ನಿಲ್ಲುವುದಿಲ್ಲ ಎಂದು ಇಂಜಿನಿಯರ್ ಹುಕುಂ ಮಾಡಿದ್ದಾರೆ. ಫೇಲಾದವರು ಮಂಕರಿ ಹೊತ್ತು ಗಳ ಕಟ್ಟಿದ ಸಾರುವೆ ಏರಬೇಕು. ನಿನ್ನ ತಾಯಿಗೆ ನಲವತ್ತಾರು ವರ್ಷ. ಎಡ ಮಂಡಿ ಸರಿಯಾಗಿ ಮಡಿಚುವುದಿಲ್ಲ. ಹನ್ನೊಂದು ವರ್ಷದಿಂದ ಅವರು ತಗಡಿನ ಹತ್ತಿರ ಅಳತೆ ನೋಡುತ್ತಿದ್ದಾರೆ. ಜವರಪ್ಪ ಬಂದದ್ದೇ ಅವರಾದ ಮೇಲೆ.

ಸ್ಲೇಟು ಕೊಟ್ಟರೆ ಹೆದರುತ್ತಾರೆ, ಅವರ ಕೆಲಸದಲ್ಲೇ ಪರೀಕ್ಷೆ ಮಾಡೋಣ ಎಂದು ಆ ಹುಡುಗಿಯೇ ಯೋಚಿಸಿದ್ದಂತೆ. ಒಳ್ಳೆಯ ಯೋಚನೆಯೇ. ಮೂವತ್ತೊಂದು ಜನರಿಗೂ ಒಂದೊಂದು ಚೀಟಿ: "೧ : ೨ : ೪. ಸಿಮೆಂಟು ೨ ಚೀಲ." ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ ಎಂದು ಅದನ್ನು ಓದಬೇಕು. ಒಂದು ಚೀಲದಷ್ಟು ಹಿಡಿಯುವ ಅಳತೆ ಪೆಟ್ಟಿಗೆಯಲ್ಲಿ ಮರಳು, ಜಲ್ಲಿ ಎಣಿಸಿ ತಗಡಿಗೆ ಸುರಿಯಬೇಕು. ಕೊನೆಗೆ ರುಜು. ಸಿಮೆಂಟಿನ ಚೀಲ ಬಿಚ್ಚಲು ನಾನು ಬಿಡಲಿಲ್ಲ. ಹುಡುಗಿಯ ಹತ್ತಿರ ಇದ್ದ ಉತ್ತರ: ಮರಳು ನಾಲ್ಕು ಪೆಟ್ಟಿಗೆ, ಜಲ್ಲಿ ಎಂಟು.

ನಿನ್ನ ತಾಯಿ ಅಂಕಿಗಳನ್ನು ಸರಾಗವಾಗಿ ಓದಿ, ಮರಳಿಗೆ ಕೈಹಾಕಿ, ಎಣಿಕೆ ಶುರುಮಾಡಿದರು. "ಲಾಭ... ಎರಡು... ಮೂರು..."

ಹುಡುಗಿ ತಡೆದಳು. "ಅಮ್ಮಾ, ಒಂದು ಎಲ್ಲಿ ಹೋಯಿತು?"

"ಯಾವ ಒಂದವ್ವ?"

"ಒಂದು ಅನ್ನೋ ಅಂಕಿ ನಿಮಗೆ ಗೊತ್ತಿಲ್ಲವಾ?"

"ಕಣದಲ್ಲಿ ರಾಗಿ ಅಳಿಯೋವಾಗ ಮೊದಲ್ನೇ ಕೊಳಗಕ್ಕೆ ಲಾಭ ಅಂತಾರೆ ಕಣವ್ವ. ಮರಳಾದ್ರೇನು, ಅಳತೆ ಅಳತೇನೇ. ಒಂದು ಗೊತ್ತಿಲ್ವಾ ಅಂತೀಯಲ್ಲ, ಒಬ್ಬನೇ ಮಗನ್ನ ಹೆತ್ತೋಳು ನಾನು."

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಮರಳು ಐದು ಪೆಟ್ಟಿಗೆ ಸುರಿದರು, ಜಲ್ಲಿ ಎಂಟು. ರುಜುವಿನ ಜಾಗದಲ್ಲಿ ಹೆಬ್ಬೆಟ್ಟು. ಫಾರಂನಲ್ಲಿ ಬಿದ್ದ ಷರಾ ನಾನೇ ನೋಡಿದೆ: "ಓದು: ಅಂಕಿ ಮಾತ್ರ. ಲೆಕ್ಕ: ತಪ್ಪು, ನಾಲ್ಕರ ಬದಲು ಐದು." ಜವರಪ್ಪ ನಾಲ್ಕು ಹಾಕಿ ಪಾಸಾಗಿದ್ದ. ಅವನು ಸುಮ್ಮನಿರಲಿಲ್ಲ.

"ಏನ್ ದೇವಿರಕ್ಕ, ಒಂದು ಪೆಟ್ಟಿಗೆ ಬೆಟ್ಟದ ತಾಯಿಗೆ ಮೀಸ್ಲಾ?"

"ಇಲ್ಲ ಕಣಪ್ಪ, ನಿನ್ ಬಾಯಿಗೆ. ಮುಚ್ಚಾಕೆ."

ಸಂಜೆ ಸ್ಟೋರಿನ ಬಾಗಿಲಲ್ಲಿ ಐದು ಯಾಕೆ ಹಾಕಿದಿರಿ ಎಂದು ಕೇಳಿದೆ. "ರಾತ್ರಿ ಮಳೆ ಉಯ್ದಿತ್ತಲ್ಲ ಸ್ವಾಮಿ, ಮರಳು ಒದ್ದೆ" ಎಂದರು. ಹಾಗೆಂದು ಆ ಹುಡುಗಿಗೆ ಹೇಳಬಾರದಿತ್ತೆ ಎಂದೆ. "ಅವಳು ಕೇಳ್ನಿಲ್ಲ, ನಾನು ಯೇಳ್ನಿಲ್ಲ" ಎಂದು ಮಂಕರಿ ಎತ್ತಿಕೊಂಡು ಹೊರಟರು.

ನನಗೆ ಚೀಲ ಎಣಿಸುವುದು ಗೊತ್ತು, ಮರಳಿನ ಗುಟ್ಟು ಗೊತ್ತಿಲ್ಲ. ನೀನು ಸಿಮೆಂಟು ಕಾರ್ಖಾನೆಯ ಪರೀಕ್ಷೆ ಕೋಣೆಯಲ್ಲಿ ಇದ್ದೀಯೆ. ಒದ್ದೆ ಮರಳಿಗೆ ಒಂದು ಪೆಟ್ಟಿಗೆ ಹೆಚ್ಚು ಹಾಕುವುದು ಸರಿಯೋ ತಪ್ಪೋ, ಖಚಿತವಾಗಿ ತಿಳಿಸು. ಪಾಸಾದವರ ಪಟ್ಟಿ ಇಂಜಿನಿಯರ್ ಕೈಸೇರುವುದು ಜುಲೈ ಮೂರಕ್ಕೆ.

ನಿನ್ನ ಹಿತ ಬಯಸುವ,
ಸದಾಶಿವಯ್ಯ, ಸ್ಟೋರ್ ಕೀಪರ್


ಭದ್ರಾವತಿ
೧೨ ಜೂನ್ ೧೯೬೧

ಪೂಜ್ಯ ಸದಾಶಿವಯ್ಯನವರಿಗೆ ಮಹದೇವುವಿನ ನಮಸ್ಕಾರ.

ಅವ್ವ ಹಾಕಿದ ಐದೇ ಸರಿ. ನನ್ನ ಮಾತು ಸಾಲದಿದ್ದರೆ ಪರೀಕ್ಷೆಯ ವಿವರ ಬರೆದಿದ್ದೇನೆ, ಯಾರು ಬೇಕಾದರೂ ಮಾಡಿ ನೋಡಬಹುದು.

ಶನಿವಾರ ಕೆಲಸ ಮುಗಿದ ಮೇಲೆ ಹೊಳೆಯಿಂದ ಒದ್ದೆ ಮರಳು ತಂದೆ. ಉದ್ದನೆಯ ಗಾಜಿನ ಜಾಡಿಗೆ ಹತ್ತು ಅಂಗುಲದವರೆಗೆ ತುಂಬಿದೆ, ಒತ್ತಲಿಲ್ಲ, ಕುಟ್ಟಲಿಲ್ಲ. ಆಮೇಲೆ ಮರಳು ಮುಳುಗುವವರೆಗೆ ನೀರು ಸುರಿದು, ಕಡ್ಡಿಯಿಂದ ಕಲಕಿ, ತಳಕ್ಕೆ ಕೂರಲು ಬಿಟ್ಟೆ. ಹತ್ತು ಅಂಗುಲವಿದ್ದದ್ದು ಎಂಟಕ್ಕೆ ಇಳಿಯಿತು. ಮೂರು ಸಲ ಮಾಡಿದೆ. ಒಂದು ಸಲ ಮಾತ್ರ ಎಂಟಕ್ಕಿಂತ ಒಂದು ನೂಲು ಹೆಚ್ಚು ಬಂತು.

ಮರಳು ತೇವವಾದಾಗ ಒಂದೊಂದು ಹರಳಿಗೂ ನೀರಿನ ಪೊರೆ ಅಂಟಿಕೊಂಡು ಹರಳುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಪೆಟ್ಟಿಗೆ ತುಂಬಿದ ಹಾಗೆ ಕಾಣುತ್ತದೆ, ಒಳಗೆ ಮರಳು ಕಡಿಮೆ ಇರುತ್ತದೆ. ಐದು ಪೆಟ್ಟಿಗೆ ಒದ್ದೆ ಮರಳು ಎಂದರೆ ನಾಲ್ಕು ಪೆಟ್ಟಿಗೆ ಒಣ ಮರಳು. ಒಂದು ಚೀಲಕ್ಕೆ ಎರಡರ ಬದಲು ಎರಡೂವರೆ. ನಾಲ್ಕೇ ಹಾಕಿದ್ದರೆ ಅಳತೆ ತಪ್ಪುತ್ತಿತ್ತು.

ಇಲ್ಲಿಗೆ ಬಂದ ಮೊದಲ ವಾರ ನಮ್ಮ ಕೆಮಿಸ್ಟ್ ಕರಿಬಸವಯ್ಯನವರು ಹೊಸಬರನ್ನೆಲ್ಲ ನಿಲ್ಲಿಸಿಕೊಂಡು ಇದೇ ಪ್ರಶ್ನೆ ಕೇಳಿದ್ದರು. ಕೈಯೆತ್ತಿದವನು ನಾನೊಬ್ಬನೇ. "ಯಾವ ಪುಸ್ತಕದಲ್ಲಿ ಓದಿದೆಯಪ್ಪ?" ಎಂದರು. ಬುತ್ತಿ ಕೊಡಲು ಹೋದಾಗ ತಗಡಿನ ಹತ್ತಿರ ನಿಂತು ನೋಡಿದ್ದೆ ಎಂದು ಹೇಳಬಹುದಾಗಿತ್ತು. ನಾನು ಏನೂ ಹೇಳಲಿಲ್ಲ.

ಅವ್ವ ನನ್ನ ಕಾಗದಗಳಿಗೆ ಏಕೆ ಉತ್ತರ ಬರೆಸಲಿಲ್ಲ ಎಂಬುದು ನಿಮಗೆ ಗೊತ್ತಿದ್ದರೆ ತಿಳಿಸಿ. ಮಂಡಿಗೆ ಏನು ಹಚ್ಚುತ್ತಾರೆ?

ತಮ್ಮ ವಿಧೇಯ,
ಮಹದೇವು


ಮೈಸೂರು
೨೦ ಜೂನ್ ೧೯೬೧, ಮಂಗಳವಾರ

ಮಹದೇವುಗೆ ಆಶೀರ್ವಾದ.

ಪರೀಕ್ಷೆ ಮತ್ತೆ ನಡೆಯುತ್ತದೆ, ಜುಲೈ ಒಂದನೇ ತಾರೀಖು ಶನಿವಾರ. ಇದನ್ನು ಪ್ರೇಮಲೀಲಾ ಇವತ್ತು ಹನ್ನೊಂದು ಗಂಟೆಗೆ ಸ್ಟೋರಿನ ಮೆಟ್ಟಿಲ ಮೇಲೆ ಕೂತು ತಿಳಿಸಿದಳು.

ನೀನು ಬರೆದಂತೆಯೇ ಮಾಡಿ ತೋರಿಸಿದೆ. ಗಾಜಿನ ಜಾಡಿ ನಮ್ಮಲ್ಲಿಲ್ಲ, ಎದುರಿನ ಟೀ ಅಂಗಡಿ ಸುಮಿತ್ರಮ್ಮನ ಬನ್ನಿನ ಜಾಡಿ ಕೇಳಿ ತಂದೆ. "ನಂ ಜಾಡೀಲಿ ಮರಳಾ? ನಾಳೆ ಗಿರಾಕಿ ಬನ್ನಲ್ಲಿ ಕಲ್ಲು ಅಂದ್ರೆ ನಿಮ್ ಹೆಸ್ರೇ ಯೇಳ್ತೀನಿ ಸ್ವಾಮಿ" ಎಂದು ಅವಳೂ ನೋಡಲು ಬಂದು ನಿಂತಳು. ಹತ್ತು ಅಂಗುಲ ತುಂಬಿದೆ, ನೀರು ಸುರಿದೆ. ಎಂಟಕ್ಕೆ ಬಂತು.

ಪ್ರೇಮಲೀಲಾ ಜಾಡಿ ಬರಿದು ಮಾಡಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತಾನೇ ಇನ್ನೊಂದು ಸಲ ಮಾಡಿದಳು. ಸ್ಕೇಲು ಇಟ್ಟು ನೋಡಿದಳು. "ಸಾರ್, ನಾನು ಆ ಅಮ್ಮನನ್ನ ಯಾಕೆ ಅಂತ ಒಂದು ಮಾತು ಕೇಳಲಿಲ್ಲವಲ್ಲ" ಎಂದಳು. ಆಮೇಲೆ ಹಳೆಯ ಫಾರಂಗಳನ್ನೆಲ್ಲ ತೆಗೆದು ಎಣಿಸಿದೆವು. ತಪ್ಪು ಎಂದು ಗುರುತು ಬಿದ್ದವರಲ್ಲಿ ಇನ್ನೂ ಮೂವರು ಹೆಂಗಸರು ಐದೇ ಪೆಟ್ಟಿಗೆ ಹಾಕಿದ್ದರು. ಮೂವರೂ ನಿನ್ನ ತಾಯಿಯ ಕೈಕೆಳಗೆ ಕೆಲಸ ಕಲಿತವರು. ಹುಡುಗಿ ನನ್ನ ರೂಲುದೊಣ್ಣೆ ತೆಗೆದುಕೊಂಡು ಫಾರಂನಲ್ಲಿ ಹೊಸದೊಂದು ಕಲಂ ಎಳೆದಳು. ಅದರ ತಲೆಯ ಮೇಲೆ "ಏಕೆ?" ಎಂದು ಬರೆದಳು.

ಇನ್ನು ನಿನ್ನ ಪ್ರಶ್ನೆ. ೧೯೫೯ರ ಏಪ್ರಿಲ್‌ನಲ್ಲಿ ನೀನು ಕಾರ್ಖಾನೆಯ ಅರ್ಜಿಯನ್ನು ಸರಸ್ವತಿಪುರಂ ಕೆಲಸದ ಸ್ಟೋರಿನಲ್ಲಿ ಕೂತು ನನ್ನ ಪೆನ್ನಿನಿಂದಲೇ ತುಂಬಿದೆ. ಮಸಿ ಒಣಗಲೆಂದು ಮೇಜಿನ ಮೇಲೆ ಬಿಟ್ಟು ನೀರು ಕುಡಿಯಲು ಹೋದೆ. ನಿನ್ನ ತಾಯಿ ಒಳಗೆ ಬಂದು, "ನಮ್ ಉಡ್ಗ ಏನ್ ಬರ್ದವ್ನೆ, ಒಸಿ ಓದಿ ಸ್ವಾಮಿ" ಎಂದರು. ಮುಖದ ತುಂಬ ಸಂತೋಷವಿತ್ತು. ನಾನು ಮೇಲಿನಿಂದ ಓದುತ್ತ ಹೋದೆ. "ತಾಯಿಯ ಕಸುಬು" ಎಂಬಲ್ಲಿ ನೀನು "ಇಲ್ಲ" ಎಂದು ಬರೆದಿದ್ದೆ. ಅದನ್ನೂ ಓದಿಬಿಟ್ಟೆ. ನಿಲ್ಲಿಸಬಹುದಾಗಿತ್ತು, ಓದುವ ರಭಸದಲ್ಲಿ ನಿಲ್ಲಿಸಲಿಲ್ಲ. ಅವರು ಕೈಗೆ ಮೆತ್ತಿದ್ದ ಸಿಮೆಂಟನ್ನು ಸೆರಗಿಗೆ ಒರೆಸಿಕೊಂಡು ತಗಡಿನ ಹತ್ತಿರ ಹೋದರು.

ಮಂಡಿಗೆ ಹರಳೆಣ್ಣೆ ಹಚ್ಚುತ್ತಾರೆ.

ಇಂತು,
ಸದಾಶಿವಯ್ಯ


ಮೈಸೂರು
೨ ಜುಲೈ ೧೯೬೧, ಭಾನುವಾರ

ಮಹದೇವುಗೆ ಆಶೀರ್ವಾದ.

ದೇವಿರಮ್ಮನವರು ಪಾಸು. ಹದಿನೈದರಿಂದ ಕಾಂಕ್ರೀಟು ಮೇಸ್ತ್ರಿ. ಮೊದಲನೆಯದನ್ನು ಪ್ರೇಮಲೀಲಾ ಹೇಳಿದಳು, ಎರಡನೆಯದನ್ನು ಪಕ್ಕದಲ್ಲಿ ನಿಂತಿದ್ದ ಇಂಜಿನಿಯರ್ ಹೇಳಿದರು.

ಈ ಸಲ ಮೂರು ಗುಡ್ಡೆ ಮಾಡಿಸಿದ್ದರು. ಶೆಡ್ಡಿನೊಳಗೆ ಇದ್ದ ಒಣ ಮರಳು, ಬಯಲಲ್ಲಿ ಬಿದ್ದಿದ್ದ ಒದ್ದೆ ಮರಳು, ಆಗತಾನೆ ಬಿಂದಿಗೆಗಟ್ಟಲೆ ನೀರು ಹೊಯ್ದು ಇನ್ನೂ ಸೋರುತ್ತಿದ್ದ ಮರಳು. ಯಾವುದು ಎಂಥದ್ದು ಎಂದು ಯಾರೂ ಹೇಳಲಿಲ್ಲ. ನಿನ್ನ ತಾಯಿ ಮೊದಲ ಗುಡ್ಡೆಯಿಂದ ಒಂದು ಹಿಡಿ ಎತ್ತಿ ಬಿಟ್ಟರು. ಬೆರಳ ಸಂದಿಯಲ್ಲಿ ಸುರಿದುಹೋಯಿತು. ನಾಲ್ಕು ಪೆಟ್ಟಿಗೆ. ಎರಡನೆಯದನ್ನು ಮುಷ್ಟಿ ಕಟ್ಟಿ ಬಿಚ್ಚಿದರು, ಉಂಡೆ ಹಾಗೇ ನಿಂತಿತು. ಐದು ಪೆಟ್ಟಿಗೆ. ಮೂರನೆಯ ಗುಡ್ಡೆ ಮುಟ್ಟಿ ಕೈ ಕೊಡವಿಕೊಂಡರು.

"ಇದನ್ನ ಅಳಿಯಾಕಿಲ್ಲ. ನೀರು ಇಳೀಲಿ, ಆಮ್ಯಾಕೆ ಬನ್ನಿ."

"ಈಗಲೇ ಅಳೆಯಬೇಕು ಅಂದರೆ?" ಎಂದರು ಇಂಜಿನಿಯರ್. ಕೆಣಕಲೆಂದೇ ಕೇಳಿದ್ದು.

"ಈ ಸೂರಿನ ಕೆಳಗೆ ಮಲಗೋರು ಹೆಣ್ಮಕ್ಕಳು ಸ್ವಾಮಿ. ನಿಮ್ ಮಗಳು ಮಲಗ್ತಾಳೆ ಅಂದ್ರೆ ಅಳೆಸ್ತೀರಾ?"

ಇಂಜಿನಿಯರ್ ಟೋಪಿ ತೆಗೆದು ಹಾಕಿಕೊಂಡರು.

"ಏಕೆ" ಎಂಬ ಕಲಮಿಗೆ ನಿನ್ನ ತಾಯಿ ಕೊಟ್ಟ ಉತ್ತರವನ್ನು ಹುಡುಗಿ ಅವರ ಮಾತಿನಲ್ಲೇ ಬರೆದುಕೊಂಡಳು: "ನೆನೆಸಿದ ಅಕ್ಕಿ ಕುಟ್ಟಿ ಸೇರಲ್ಲಿ ಅಳುದ್ರೆ ಹಿಟ್ಟು ಉಬ್ಕಂಡ್ ನಿಂತ್ಕತದೆ. ಒಣಗಿಸಿ ಅಳುದ್ರೆ ಅದೇ ಹಿಟ್ಟು ಕಮ್ಮಿ. ಮರಳೂ ಅಂಗೇ ಕಣವ್ವ." ಇನ್ನೊಂದು ಸಂಗತಿ. ನಿನ್ನ ತಾಯಿ ಈ ಸಲವೂ ಲಾಭ ಎಂದೇ ಶುರುಮಾಡಿದರು. ಫಾರಂನ ಅಂಚಿನಲ್ಲಿ "ಲಾಭ = ೧" ಎಂದು ಗುರುತಿದೆ.

ಜವರಪ್ಪನ ಮಾತನ್ನೂ ಬರೆಯಬೇಕು. ಎಲ್ಲ ಮುಗಿದ ಮೇಲೆ ಅವನು ಹುಡುಗಿಯ ಮೇಜಿನ ಹತ್ತಿರ ಬಂದು, "ನಾನ್ ಪಾಸ್ ಆಗಿದ್ನಲ್ಲ, ಅದನ್ನ ತಪ್ಪು ಅಂತ ಬರ್ಕಳಿ ಅಮ್ಮಣ್ಣಿ. ಅಳತೆ ನೋಡ್ತಿದ್ದೋರು ಆಯಮ್ಮ, ಮೇಸ್ತ್ರಿ ಅನ್ನಿಸ್ಕತಿದ್ದೋನು ನಾನು" ಎಂದ. ಅವನ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು.

ಸಂಜೆ ನಿನ್ನ ತಾಯಿಗೆ ನಾನು ಮಾಡಿದ್ದನ್ನೆಲ್ಲ ಹೇಳಿ, ನೀನು ಜೂನ್ ಹನ್ನೆರಡಕ್ಕೆ ಬರೆದ ಕಾಗದ ಓದಿದೆ. ನಿಂತುಕೊಂಡೇ ಕೇಳಿದರು.

"ಜಾಡಿ ಬೇಕಾಯ್ತಾ ಅವನ್ಗೆ? ಕೈ ಇರ್ನಿಲ್ವಾ?"

ಮಂಕರಿ ಕೆಳಗಿಟ್ಟು, "ಮೂರ್ ಸಲ ಮಾಡ್ದ ಅಂದ್ರಾ?" ಎಂದರು.

"ಮೂರು ಸಲ."

"ಆ ಕೆಮಿಸ್ಟು ಕೇಳಿದ್ದು ಇನ್ನೊಂದ್ ಸಲ ಓದಿ."

ಓದಿದೆ. "ನಾನು ಏನೂ ಹೇಳಲಿಲ್ಲ" ಎಂದು ನೀನು ಬರೆದಿದ್ದ ಸಾಲನ್ನೂ ಓದಿದೆ. ಉತ್ತರ ಬರೆಯಲೇ ಎಂದು ಈ ಸಲ ಕೇಳಿದೆ. "ಬ್ಯಾಡ" ಎಂದರು.

ಹತ್ತನೇ ತಾರೀಖಿನಿಂದ ಸಂಜೆ ಐದೂವರೆಗೆ ಸ್ಟೋರಿನಲ್ಲೇ ಅಕ್ಷರದ ಪಾಠ. ಪ್ರೇಮಲೀಲಾ ಕಲಿಸುತ್ತಾಳೆ. ಹೆಸರು ಕೊಟ್ಟವರು ಹನ್ನೆರಡು ಜನ. ನಿನ್ನ ತಾಯಿಯ ಹೆಸರು ಮೊದಲನೆಯದು.

ಇಂತು,
ಸದಾಶಿವಯ್ಯ


ಭದ್ರಾವತಿ
೯ ಜುಲೈ ೧೯೬೧

ಅವ್ವನಿಗೆ ಮಹದೇವು ಕಾಲುಮುಟ್ಟಿ ಮಾಡುವ ನಮಸ್ಕಾರ.

ಇದನ್ನು ಸದಾಶಿವಯ್ಯನವರು ಓದುತ್ತಾರೆ. ಎಲ್ಲೂ ನಿಲ್ಲಿಸದೆ ಓದಲಿ.

ನೀನು ಪಾಸಾದದ್ದು ತಿಳಿಯಿತು. ಕರಿಬಸವಯ್ಯನವರ ಕೋಣೆಗೆ ಹೋಗಿ ಹೇಳಿದೆ. "ಎರಡು ವರ್ಷದ ಹಿಂದೆ ಯಾವ ಪುಸ್ತಕ ಅಂತ ಕೇಳಿದ್ದಿರಿ ಸಾರ್. ನಮ್ಮವ್ವನ ಹತ್ತಿರ ಕಲಿತದ್ದು. ಮೈಸೂರಿನಲ್ಲಿ ಕಾಂಕ್ರೀಟು ಕಲಸುತ್ತಾರೆ." ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಇದನ್ನು ಹೇಳಲು ಎರಡು ವರ್ಷ ಬೇಕಾಯಿತೇನಯ್ಯ?" ಎಂದರು. ಹೌದು ಎಂದೆ.

ಕುಂಬಾರಕೊಪ್ಪಲಿನಿಂದ ಸ್ಕೂಲಿಗೆ ಹೋಗುವಾಗ ನೀನು ಕೆಲಸ ಮಾಡುವ ಕಡೆ ಬಂದರೆ ನಾನು ರಸ್ತೆಯ ಆ ಬದಿಗೆ ಹೋಗುತ್ತಿದ್ದೆ. ನೀನು ನೋಡುತ್ತಿದ್ದೆ ಎಂದು ನನಗೆ ಗೊತ್ತಿತ್ತು. ನೀನು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತೋ ಏನೋ. ಬುತ್ತಿ ಕೊಡುವ ದಿನ ಮಾತ್ರ ಹತ್ತಿರ ಬರುತ್ತಿದ್ದೆ, ಜೊತೆಯ ಹುಡುಗರು ಇಲ್ಲದಾಗ.

ಆಫೀಸಿನ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ತಾಯಿಯ ಕಸುಬು "ಇಲ್ಲ" ಎಂದು ಇದ್ದದ್ದನ್ನು ಹೊಡೆದುಹಾಕಿಸಿದ್ದೇನೆ. ತಿದ್ದಿದವರು ಹೆಡ್ ಗುಮಾಸ್ತ ಗುರುಸಿದ್ದಯ್ಯನವರು. "ಏನಂತ ಬರೀಲಿ, ಕೂಲಿ ಅಂತಲಾ?" ಎಂದರು. "ಕೂಲಿ ಅಂತಲೂ ಬರೆಯಬಹುದು ಸಾರ್. ಕಾಂಕ್ರೀಟಿನ ಅಳತೆ ನೋಡುವವರು ಅಂತ ಬರೆದರೆ ಇನ್ನೂ ಸರಿ" ಎಂದೆ. ಕೆಂಪು ಮಸಿಯಲ್ಲಿ ಹಾಗೇ ಬರೆದು ಪಕ್ಕದಲ್ಲಿ ಅವರೂ ರುಜು ಹಾಕಿದರು, ನಾನೂ ಹಾಕಿದೆ.

ಮೇಸ್ತ್ರಿ ಆದಳು ಅಂತ ಬರೆಸಿದ ಎಂದು ನೀನು ಅಂದುಕೊಳ್ಳಬಹುದು. ರಿಜಿಸ್ಟರಿನಲ್ಲಿ ತಾರೀಖು ಇದೆ. ಜೂನ್ ಇಪ್ಪತ್ತಾರು, ಸೋಮವಾರ. ಅವತ್ತು ನೀನಿನ್ನೂ ಫೇಲು.

ಛಾವಣಿ ಯಾವತ್ತು ಎಂದು ತಿಳಿಸಿದರೆ ರಜೆ ಕೇಳುತ್ತೇನೆ. ನೀನು ಬಾ ಅಂದರೆ.

ನಿನ್ನ ಮಗ,
ಮಹದೇವು


ಮೈಸೂರು
೧೬ ಜುಲೈ ೧೯೬೧, ಭಾನುವಾರ

ಮಹದೇವುಗೆ ಆಶೀರ್ವಾದ.

ನಿನ್ನ ತಾಯಿಯ ಹೆಸರು ನಿನ್ನೆ ಬೆಳಿಗ್ಗೆ ಹಾಜರಿ ಪುಸ್ತಕದ ಮೇಸ್ತ್ರಿಗಳ ಹಾಳೆಗೆ ಬಂತು. ಬರೆದವನು ನಾನು. ನಮ್ಮ ಪುಸ್ತಕದ ಆ ಹಾಳೆಯಲ್ಲಿ ಹೆಂಗಸಿನ ಹೆಸರು ಇದೇ ಮೊದಲು. ಎಂದಿಗಿಂತ ಸ್ವಲ್ಪ ದೊಡ್ಡ ಅಕ್ಷರದಲ್ಲಿ ಬರೆದೆ.

ನಿನ್ನ ಕಾಗದ ಶುಕ್ರವಾರ ಬಂತು. ಆಷಾಢದ ಮೊದಲ ಶುಕ್ರವಾರವಾದ್ದರಿಂದ ಅರ್ಧಕ್ಕರ್ಧ ಆಳು ಬೆಟ್ಟಕ್ಕೆ ಹೋಗಿದ್ದರು, ಸ್ಟೋರು ಖಾಲಿ ಇತ್ತು. ನೀನು ಹೇಳಿದಂತೆ ಎಲ್ಲೂ ನಿಲ್ಲಿಸದೆ ಓದಿದೆ. ರಸ್ತೆಯ ಆ ಬದಿಯ ಮಾತು ಬಂದಾಗ ಅವರು ತೊಲೆಯ ಕಡೆ ನೋಡುತ್ತಿದ್ದರು. ತಾರೀಖು ಬಂದಾಗ ಕತ್ತು ತಿರುಗಿಸಿದರು.

"ಯಾವ ತಾರೀಕು ಅಂದ?"

"ಜೂನ್ ಇಪ್ಪತ್ತಾರು."

"ನಾನ್ ಫೇಲ್ ಆಗಿದ್ದಾಗಾ?"

"ಹೌದು. ಪರೀಕ್ಷೆಗೆ ಇನ್ನೂ ಐದು ದಿನ ಇತ್ತು."

"ಅದನ್ನ ಮೊದ್ಲು ಓದ್ಬಾರ್ದಾ ಸ್ವಾಮಿ! ದಿನಾ ಪೇಪರ್ ಓದ್ತೀರಿ, ಸುದ್ದಿ ಯಾವ್ದು ಅಂತ ಗೊತ್ತಾಗಕಿಲ್ವಾ?"

ಆಮೇಲೆ ಪೆಟ್ಟಿಗೆಯ ಮೇಲೆ ಕೂತು, "ಬರೀರಿ" ಎಂದರು. ಕಾಗದ ಹುಡುಕುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅವರು ಹೇಳಿದ್ದನ್ನು ಹೇಳಿದ ಹಾಗೇ ಇಳಿಸಿದ್ದೇನೆ.

"ಮಗಾ, ಬಾ. ಜಾಡಿ ತರ್ಬ್ಯಾಡ. ಬಿಳೀ ಶರಟು ಹಾಕ್ಕಂಡ್ ಬಂದು ದೂರ ನಿಂತ್ಕಬ್ಯಾಡ, ತಗಡಿನ ತಾವು ಬರ್ಬೇಕು. ಆ ಕೆಮಿಸ್ಟ್ ಸ್ವಾಮಿಗೆ ನನ್ ಶರಣು ಯೇಳು. ಕೂಲಿ ಅಂತ ಬರೀಬೌದು ಅಂದ್ಯಲ್ಲ, ಅದು ಸರಿಯಾಗಿ ಅಂದೆ. ಮಂಡಿ ಅಂಗೇ ಅದೆ, ಆದ್ರೆ ಇನ್ ಸಾರುವೆ ಏರಂಗಿಲ್ಲ. ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಮಾಡಿಟ್ಟಿರ್ತೀನಿ. ಇಷ್ಟೇ."

ಕೊನೆಗೆ ನಾನು ಹೆಬ್ಬೆಟ್ಟಿಗೆ ಮಸಿ ತೆಗೆದೆ. ಬೇಡವೆಂದು ಪೆನ್ನು ಕೇಳಿದರು. ಪಾಠ ಶುರುವಾಗಿ ಒಂದು ವಾರವೂ ಆಗಿಲ್ಲ, ದೇವಿರಮ್ಮ ಎಂಬುದರಲ್ಲಿ ಇನ್ನೂ ದೇ ಮಾತ್ರ ಬರುತ್ತದೆ. ಅರ್ಧ ಹೆಸರು ಹಾಕುವುದು ಅವರಿಗೆ ಇಷ್ಟವಾಗಲಿಲ್ಲ. ತಿಳಿದದ್ದನ್ನು ಬರೆದಿದ್ದಾರೆ. ಒಂದು, ಎರಡೂವರೆ, ನಾಲ್ಕು. ಕೆಳಗಿರುವುದು ಅವರ ಕೈಬರಹವೇ, ನಾನು ಮುಟ್ಟಿಲ್ಲ.

ಸಿಮೆಂಟು ತೊಂಬತ್ತು ಚೀಲ ಸ್ಟೋರಿಗೆ ಬಂದಿದೆ. ಮರಳು ಒಣಗಿದೆಯೋ ಒದ್ದೆಯೋ ಎಂಬುದನ್ನು ಮೇಸ್ತ್ರಿಯವರು ಅವತ್ತು ಬೆಳಿಗ್ಗೆ ನೋಡಿ ತೀರ್ಮಾನಿಸುತ್ತಾರೆ. ಛಾವಣಿಗೆ ಕಾಂಕ್ರೀಟು ಹಾಕುವುದು ಜುಲೈ ೨೪, ಸೋಮವಾರ, ಬೆಳಿಗ್ಗೆ ಏಳು ಗಂಟೆಗೆ.

ಬರೆದವನು: ಸದಾಶಿವಯ್ಯ
ಹೇಳಿ ಬರೆಸಿದವರು:

೧ : ೨॥ : ೪